ಅಡುಗೆಮನೆಯ ಸಾಕ್ಷಿ

ಪರದೇಶಕ್ಕೆ ಹೋದವರು ಕೋಟೆ ಕೊತ್ತಲ ನೋಡಿಕೊಂಡು ಬರುವುದು ವಾಡಿಕೆ. ನಾವು ಸ್ಪೇನಿನ ವಲೆನ್ಸಿಯಾ ನಗರಕ್ಕೆ ಹೋದಾಗ ಅರ್ಧ ದಿನ ಅಡುಗೆ ಕಲಿತು ಬಂದೆವು. ಮನೆಯಲ್ಲಿ ಬೀನ್ಸ್ ಬಿಡಿಸಲು ಕರೆದರೆ ಪತ್ರಿಕೆಯ ಹಿಂದೆ ಮುಖ ಮರೆಸಿಕೊಳ್ಳುವ ನಾವು, ಅಷ್ಟು ದೂರ ಹೋಗಿ, ಕೈಯಿಂದ ದುಡ್ಡು ಕೊಟ್ಟು ಬೀನ್ಸ್ ಹೆಚ್ಚಿದೆವಲ್ಲ ಎಂದು ನಮ್ಮ ಮನೆಯವರು ಈಗಲೂ ಹಂಗಿಸುವುದುಂಟು. (ಇಲ್ಲಿ ‘ನಾವು’ ಎಂದಾಗ ಕೆಲವೊಮ್ಮೆ ನಾವಿಬ್ಬರು, ಕೆಲವೊಮ್ಮೆ ಒಬ್ಬರೇ. ಉರ್ದು ಶಾಲೆಯಲ್ಲಿ ಓದಿದವರಿಗೆ ಒಬ್ಬನೇ ಇದ್ದರೂ ‘ಹಮ್’ ಎನ್ನುವ ಅಭ್ಯಾಸ ಹೋಗುವುದಿಲ್ಲ.)

ಬೆಳಿಗ್ಗೆ ಮೊದಲು ಮಾರುಕಟ್ಟೆ. 1928ರಲ್ಲಿ ಬಾಗಿಲು ತೆರೆದ ಅಲ್ಲಿನ ‘ಮೆರ್ಕಾದೊ ಸೆಂತ್ರಾಲ್’ ಹೊರಗಿನಿಂದ ನೋಡಿದರೆ ಒಂದು ದೊಡ್ಡ ಇಗರ್ಜಿಯಂತಿದೆ. ಗುಮ್ಮಟ, ಬಣ್ಣದ ಗಾಜು, ಹೆಂಚಿನ ಚಿತ್ತಾರ. ಒಳಗೆ ನಮ್ಮ ಯಾವುದೇ ಸಂತೆಯ ಗದ್ದಲ. ಅಡುಗೆ ಕಲಿಸುವ ಹೆಂಗಸು ಹತ್ತು ಮಂದಿ ವಿದ್ಯಾರ್ಥಿಗಳನ್ನು ಬುಟ್ಟಿ ಹಿಡಿಸಿ ಅಂಗಡಿಯಿಂದ ಅಂಗಡಿಗೆ ಕರೆದೊಯ್ದು ಒಂದೊಂದರ ಹೆಸರು ಹೇಳುತ್ತಿದ್ದರು. ಅಕ್ಕಿಗೆ ಅರ್ರೋಸ್, ಎಣ್ಣೆಗೆ ಅಸೈತೆ, ಕೇಸರಿಗೆ ಅಸಾಫ್ರಾನ್, ಸಕ್ಕರೆಗೆ ಅಸೂಕಾರ್, ಬದನೆಗೆ ಬೆರೆನ್‌ಹೇನ. ಉಳಿದವರು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ನಮಗೆ ಬರೆದುಕೊಳ್ಳುವ ಅಗತ್ಯವೇ ಬೀಳಲಿಲ್ಲ. ಅರಬ್ಬಿಯ ಅರ್-ರುಝ್, ಅಝ್-ಝೈತ್, ಅಝ್-ಝಾಫರಾನ್, ಅಸ್-ಸುಕ್ಕರ್, ಅಲ್-ಬಾದಿಂಜಾನ್ ಇವೇ ತಾನೇ? ಜಾಫ್ರಾನ್ ನಮ್ಮ ಮದುವೆ ಮನೆಯ ಬಿರಿಯಾನಿಯಲ್ಲಿದೆ, ಜೈತೂನ್ ನಮ್ಮ ಅಜ್ಜಿಯ ಔಷಧದ ಡಬ್ಬಿಯಲ್ಲಿತ್ತು. ಗುರುತಿನವರನ್ನು ಹೊರನಾಡಿನ ಬಸ್‌ಸ್ಟ್ಯಾಂಡಿನಲ್ಲಿ ಕಂಡಷ್ಟು ಸಂತೋಷವಾಯಿತು.

ಈ ಸಂತೋಷದ ಬಗ್ಗೆ ಸ್ವಲ್ಪ ಎಚ್ಚರವಾಗಿರಬೇಕು ಎಂದು ನಮಗೆ ಆಗಲೇ ಅನಿಸಿತ್ತು. ಉರ್ದು ಓದಿದ ಮುಸ್ಲಿಮನಿಗೆ ಸ್ಪೇನ್ ಎಂದರೆ ಕಳೆದುಹೋದ ಅಂದಲೂಸ್. ಇಕ್ಬಾಲರು 1933ರಲ್ಲಿ ಕೊರ್ಡೋಬಾದ ಮಸೀದಿಯನ್ನು ಕಂಡ ಮೇಲೆ ಬರೆದ ಕವಿತೆಯನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದವರು ನಾವು. ಹಾಗಾಗಿ ಅಲ್ಲಿನ ಒಂದೊಂದು ಇಟ್ಟಿಗೆಯೂ ನಮ್ಮದೇ ಎಂಬ ಭಾವನೆ ಸುಲಭವಾಗಿ ಬರುತ್ತದೆ. ಆ ದಿನ ಬೇಯಿಸಲಿದ್ದ ‘ಪಾಯೆಯಾ’ ಎಂಬ ಅನ್ನದ ಅಡುಗೆಯ ಹೆಸರೂ ಅರಬ್ಬಿಯ ‘ಬಕಿಯ್ಯ’ದಿಂದ, ಎಂದರೆ ಉಳಿದುಬಳಿದದ್ದು ಎಂಬ ಮಾತಿನಿಂದ ಬಂದಿದೆ ಎಂಬ ಕತೆ ಬಹಳ ಕಡೆ ಓಡಾಡುತ್ತಿದೆ. ಕೇಳಲು ಚೆಂದ, ನಿಜವಲ್ಲ. ಅದು ಲ್ಯಾಟಿನ್‌ನ ‘ಪಟೆಲ್ಲಾ’, ಎಂದರೆ ಬಾಣಲೆ. ಅಕ್ಕಿ ಮುಸ್ಲಿಮರು ಬಿತ್ತಿದ್ದು, ಬಾಣಲೆಯ ಹೆಸರು ರೋಮನರದ್ದು, ಅದರೊಳಗೆ ಬೀಳುವ ಟೊಮೆಟೊ ಕೊಲಂಬಸ್ಸನ ನಂತರ ಅಮೆರಿಕದಿಂದ ಬಂದದ್ದು. ಅಂದಲೂಸಿನ ಯಾವ ಖಲೀಫನೂ ಟೊಮೆಟೊ ಕಂಡವನಲ್ಲ. ಬದನೆಯಂತೂ ಇನ್ನೂ ದೊಡ್ಡ ಪ್ರಯಾಣಿಕ. ಅದರ ಹೆಸರು ಭಾರತದಿಂದ ಪಾರ್ಸಿಗೆ, ಪಾರ್ಸಿಯಿಂದ ಅರಬ್ಬಿಗೆ, ಅಲ್ಲಿಂದ ಸ್ಪೇನ್ ಪೋರ್ಚುಗಲ್‌ಗಳಿಗೆ ಹೋಗಿ, ಪೋರ್ಚುಗೀಸರ ಹಡಗಿನಲ್ಲಿ ‘ಬ್ರಿಂಜಾಲ್’ ಆಗಿ ಮತ್ತೆ ನಮ್ಮ ಕರಾವಳಿಗೇ ಬಂದಿಳಿಯಿತು. ಮೂಲದಲ್ಲಿ ಅದು ನಮ್ಮ ಬದನೆಯ ಕುಲಕ್ಕೇ ಸೇರಿದ ದ್ರಾವಿಡ ಪದವಿರಬಹುದೆಂದು ಭಾಷಾವಿದ್ವಾಂಸರು ಊಹಿಸುತ್ತಾರೆ. ಇಷ್ಟು ಊರು ಸುತ್ತಿದ ಕಾಯಿಯನ್ನು ಇದು ಯಾರದ್ದು ಎಂದು ಕೇಳಿದರೆ ಏನೆಂದು ಉತ್ತರ ಹೇಳುವುದು?

ಅಡುಗೆಮನೆಗೆ ಬಂದು ಏಪ್ರನ್ ಕಟ್ಟಿಕೊಂಡೆವು. ವಲೆನ್ಸಿಯಾದವರು ಪಾಯೆಯಾ ವಿಷಯದಲ್ಲಿ ಮಹಾ ಕಟ್ಟುನಿಟ್ಟು. ಈರುಳ್ಳಿ ಹಾಕುವಂತಿಲ್ಲ. ಮೊಲ ಮತ್ತು ಕೋಳಿ ಮಾಂಸ, ಚಪ್ಪಟೆ ಬೀನ್ಸ್, ‘ಗರ್ರೊಫೊ’ ಎಂಬ ದೊಡ್ಡ ಬಿಳಿ ಅವರೆ, ತುರಿದ ಟೊಮೆಟೊ, ಕೇಸರಿ. ಕೆಲವರು ಬಸವನಹುಳುವನ್ನೂ ಹಾಕುತ್ತಾರೆ. ಅಕ್ಕಿ ಹರಡಿದ ಮೇಲೆ ಸೌಟು ಮುಟ್ಟುವ ಹಾಗಿಲ್ಲ. ‘ಬೊಂಬಾ’ ಎಂಬ ಗುಂಡು ಅಕ್ಕಿ ತನ್ನ ಗಾತ್ರಕ್ಕೆ ಮೀರಿ ನೀರು ಕುಡಿದೂ ಒಡೆಯದೆ ನಿಲ್ಲುತ್ತದೆ. ಕೊನೆಯಲ್ಲಿ ಉರಿ ಜೋರು ಮಾಡಿ ತಳ ಹಿಡಿಸುತ್ತಾರೆ. ಆ ಹತ್ತಿದ ಪದರಕ್ಕೆ ‘ಸೊಕರ್ರಾತ್’ ಎಂದು ಹೆಸರು, ಅದಕ್ಕಾಗಿಯೇ ಜಗಳ. ನಮ್ಮ ಮನೆಗಳಲ್ಲಿ ಇದನ್ನು ಖುರ್ಚನ್ ಎಂದು ಕೆರೆದು ಮಕ್ಕಳಿಗೆ ಕೊಡುತ್ತಿದ್ದರು. ನಾವು ಹಂದಿ ತಿನ್ನುವುದಿಲ್ಲ, ಮಾಂಸ ಬೇಡ ಎಂದು ಮೊದಲೇ ತಿಳಿಸಿದ್ದರಿಂದ ಆ ಹೆಂಗಸು ನಮಗಾಗಿ ಬೇರೆ ಸಣ್ಣ ಬಾಣಲೆ ಇಟ್ಟಿದ್ದರು, ತರಕಾರಿಯ ಪಾಯೆಯಾ. ಅಷ್ಟು ಅಕ್ಕರೆ ಸಾಕಿತ್ತು.

ತೊಡಕು ಬಂದದ್ದು ಆಮೇಲೆ. ಅಡುಗೆ ಬೇಯುವತನಕ ಎಲ್ಲರ ಹಸಿವಿಗೆಂದು ಅವರು ರೊಟ್ಟಿಯ ಮೇಲೆ ಟೊಮೆಟೊ ಉಜ್ಜಿ, ಅದರ ಮೇಲಿಡಲು ‘ಹಾಮೋನ್’ ಎಂಬ ಒಣಗಿಸಿದ ಹಂದಿ ಮಾಂಸವನ್ನು ತುಂಡು ಮಾಡಿದರು. ಮಾತಾಡುತ್ತಾ ಮಾತಾಡುತ್ತಾ ಅದೇ ಚಾಕುವನ್ನು ಬಟ್ಟೆಯಲ್ಲಿ ಒರೆಸಿ ನಮ್ಮ ಪಾಲಿನ ಬೀನ್ಸ್ ಕಡೆಗೆ ಚಾಚಿದರು. ಹೀಗೆ ಓರೆಯಾಗಿ ಹೆಚ್ಚಬೇಕು, ನೋಡಿ ಎಂದರು.

ನಾವು ಸುಮ್ಮನೆ ನಿಂತೆವು. ಒಂದು ಬೀನ್ಸ್, ಎರಡು ಬೀನ್ಸ್, ಮೂರು.

ಏಕೆ ಸುಮ್ಮನಿದ್ದೆವು ಎಂಬುದೇ ಈ ಬರಹದ ವಿಷಯ. ಬಾಯಿ ಬಿಡದಂತೆ ಯಾರೂ ತಡೆದಿರಲಿಲ್ಲ. ಆ ಹೆಂಗಸು ಒಳ್ಳೆಯವರು, ಸುತ್ತಲಿದ್ದವರು ನಗುಮುಖದವರು. ಆದರೂ ಗಂಟಲಲ್ಲಿ ಏನೋ ಸಿಕ್ಕಿಕೊಂಡಿತು. ಇವರದ್ದು ಯಾವಾಗಲೂ ಇದ್ದದ್ದೇ ಎಂದಾರು. ಎಲ್ಲಿ ಹೋದರೂ ಕಟ್ಟಳೆ, ಎಲ್ಲಿ ಹೋದರೂ ಬೇಡಿಕೆ ಎಂದುಕೊಂಡಾರು. ಅದನ್ನು ಸೌಜನ್ಯ ಎಂದು ಆಗ ನಮಗೆ ನಾವೇ ಹೇಳಿಕೊಂಡೆವು. ಸೌಜನ್ಯವೋ ಹೆದರಿಕೆಯೋ? ಇವೆರಡರ ಮುಖ ಹೊರಗಿನಿಂದ ಒಂದೇ ತರಹ ಕಾಣುತ್ತದೆ. ಎರಡೂ ಮುಗುಳ್ನಗುತ್ತವೆ, ಎರಡೂ ತಲೆಯಾಡಿಸುತ್ತವೆ.

ನಿಜವಾದ ಹೆದರಿಕೆ ಎಂದರೇನೆಂದು ಅದೇ ನಗರದ ಚರಿತ್ರೆ ಹೇಳುತ್ತದೆ. ಅರಬ್ಬಿಯಲ್ಲಿ ಬಲನ್ಸಿಯ ಎನಿಸಿಕೊಂಡಿದ್ದ ಈ ಊರು 1238ರಲ್ಲಿ ಕ್ರೈಸ್ತ ದೊರೆ ಒಂದನೇ ಜೇಮ್ಸನ ಕೈಗೆ ಹೋಯಿತು. ಮುಸ್ಲಿಮರು ರೈತರಾಗಿ ಅಲ್ಲೇ ಉಳಿದರು. 1520ರ ದಶಕದಲ್ಲಿ ಅವರೆಲ್ಲರಿಗೂ ಕಡ್ಡಾಯವಾಗಿ ದೀಕ್ಷಾಸ್ನಾನ ಮಾಡಿಸಲಾಯಿತು. ಹಾಗೆ ಕ್ರೈಸ್ತರಾದವರನ್ನು ‘ಮೊರಿಸ್ಕೊ’ಗಳೆಂದು ಕರೆದರು, ಹೆಸರಿನಲ್ಲೇ ಅನುಮಾನ. ಅವರು ನಿಜಕ್ಕೂ ಬದಲಾಗಿದ್ದಾರೆಯೇ ಎಂದು ನೋಡುತ್ತಿದ್ದದ್ದು ಇನ್‌ಕ್ವಿಸಿಶನ್ ಎಂಬ ಧರ್ಮವಿಚಾರಣೆಯ ಪೀಠ. ಅದು ಮನುಷ್ಯನ ಎದೆಯೊಳಗೆ ಇಣುಕಿ ನೋಡುವುದು ಹೇಗೆ? ಹಾಗಾಗಿ ಅಡುಗೆಮನೆಯೊಳಗೆ ಇಣುಕಿತು. ಹಂದಿ ತಿನ್ನದಿರುವುದು, ದ್ರಾಕ್ಷಾರಸ ಕುಡಿಯದಿರುವುದು, ಕುಸ್‌ಕುಸ್ ಮಾಡಿ ನೆಲದ ಮೇಲೆ ಕುಳಿತು ಉಣ್ಣುವುದು ಎಲ್ಲವೂ ದೂರಿನ ವಸ್ತುಗಳಾದವು. ಕ್ರೈಸ್ತರಾಗಿದ್ದ ಯಹೂದಿಗಳ ಮನೆಯಲ್ಲಿ ಹಂದಿಯ ಕೊಬ್ಬಿನ ಬದಲು ಎಣ್ಣೆಯಲ್ಲಿ ಕರಿದ ವಾಸನೆ ಬಂದರೂ ಸಾಕಿತ್ತು. ದೂರು ಕೊಡುತ್ತಿದ್ದವರಲ್ಲಿ ನೆರೆಯವರಿದ್ದರು, ಮನೆಗೆಲಸದವರಿದ್ದರು. ಪುಸ್ತಕವನ್ನು ಬಚ್ಚಿಡಬಹುದಿತ್ತು. 1884ರಲ್ಲಿ ಸ್ಪೇನಿನ ಅಲ್ಮೊನಾಸಿದ್ ದೆ ಲಾ ಸಿಯೆರಾ ಎಂಬ ಹಳ್ಳಿಯಲ್ಲಿ ಒಂದು ಹಳೆಯ ಮನೆ ಕೆಡವುವಾಗ ಸುಳ್ಳು ನೆಲಹಾಸಿನ ಅಡಿಯಿಂದ ಮೊರಿಸ್ಕೊಗಳ ಹಸ್ತಪ್ರತಿಗಳ ರಾಶಿಯೇ ಹೊರಬಿತ್ತು. ಅವುಗಳಲ್ಲಿ ಎಷ್ಟೋ ಸ್ಪ್ಯಾನಿಷ್ ಭಾಷೆಯವು, ಅರಬ್ಬಿ ಲಿಪಿಯವು. ಒಗ್ಗರಣೆಯ ವಾಸನೆಯನ್ನು ಯಾವ ನೆಲದಡಿ ಹೂಳುವುದು?

ಅದೇ ಕಷ್ಟದ ಕಾಲಕ್ಕೆ ಸೇರಿದ ಒಂದು ಫತ್ವಾ ಇದೆ. 1504ರಲ್ಲಿ, ಉತ್ತರ ಆಫ್ರಿಕದ ಓರಾನ್ ಎಂಬ ಊರಿನೊಂದಿಗೆ ಹೆಸರು ಸೇರಿಕೊಂಡಿರುವ ಇಬ್ನ್ ಅಬೀ ಜುಮಾ ಎಂಬ ವಿದ್ವಾಂಸರು ಕೊಟ್ಟದ್ದು. ಬಲವಂತವಿದ್ದಾಗ ಹಂದಿಯನ್ನು ತಿನ್ನಬೇಕಾಗಿ ಬಂದರೆ ತಿನ್ನಿ, ಮದ್ಯ ಕುಡಿಸಿದರೆ ಕುಡಿಯಿರಿ, ಮನಸ್ಸಿನಲ್ಲಿ ಅದು ನಿಷಿದ್ಧವೆಂದು ತಿಳಿದಿರಿ ಎಂಬುದು ಅದರ ಸಾರ. ಬೇರೆ ವಿದ್ವಾಂಸರು ಅಂಥ ನಾಡನ್ನೇ ಬಿಟ್ಟು ಹೊರಡಬೇಕೆಂದು ಕಠಿಣವಾಗಿ ಹೇಳುತ್ತಿದ್ದ ಕಾಲವದು. ಮನೆ, ಹೊಲ, ಮುದಿ ತಾಯಿಯನ್ನು ಬಿಟ್ಟು ಹೊರಡಲಾಗದವರ ಸಂಕಟವನ್ನು ಬಲ್ಲ ಒಬ್ಬ ಮುಫ್ತಿಯಾದರೂ ಇದ್ದರಲ್ಲ ಎಂದು ನಮಗೆ ಅವರ ಮೇಲೆ ಗೌರವ. ಶರೀಅತ್ತನ್ನು ಬರೀ ಶಿಕ್ಷೆಯ ಪಟ್ಟಿ ಎಂದು ತಿಳಿದವರು, ಅವರು ಹೊರಗಿನವರಿರಲಿ ನಮ್ಮೊಳಗಿನವರೇ ಇರಲಿ, ಈ ಫತ್ವಾವನ್ನು ಒಮ್ಮೆ ನೆನೆಯಬೇಕು.

ಸರ್ವಾಂಟಿಸ್‌ಗೆ ಇದೆಲ್ಲ ಗೊತ್ತಿತ್ತು. 1615ರಲ್ಲಿ ಬಂದ ‘ಡಾನ್ ಕ್ವಿಕ್ಸೋಟ್’ನ ಎರಡನೆಯ ಭಾಗದಲ್ಲಿ ರಿಕೋತೆ ಎಂಬ ಮೊರಿಸ್ಕೊ ಅಂಗಡಿಯವನು ದೇಶದಿಂದ ಹೊರದೂಡಲ್ಪಟ್ಟ ಮೇಲೆ ಯಾತ್ರಿಕನ ವೇಷದಲ್ಲಿ ಕದ್ದು ಮರಳುತ್ತಾನೆ. ಹಳೆಯ ನೆರೆಯವ ಸ್ಯಾಂಚೋ ಜೊತೆ ಮರದಡಿ ಊಟಕ್ಕೆ ಕೂರುತ್ತಾನೆ. ಆ ಬುತ್ತಿಯಲ್ಲಿ ಮದ್ಯವಿದೆ, ಹಂದಿಯ ಮೂಳೆಯೂ ಇದೆ. ಆ ಮೂಳೆಯಲ್ಲಿ ಮಾಂಸವೇ ಇಲ್ಲ! ಅದು ತಿನ್ನಲು ತಂದದ್ದೋ ತೋರಿಸಲು ತಂದದ್ದೋ? ಸರ್ವಾಂಟಿಸ್ ಹೇಳುವುದಿಲ್ಲ. ಕತೆ ಬರೆಯುವವರಾದ ನಮಗೆ ಹೊಟ್ಟೆಕಿಚ್ಚಾಗುವಂಥ ಮೌನ ಅದು.

1609ರ ಸೆಪ್ಟೆಂಬರಿನಲ್ಲಿ ವಲೆನ್ಸಿಯಾದಲ್ಲೇ ಮೊದಲು ಉಚ್ಚಾಟನೆಯ ಡಂಗುರ ಹೊಡೆಯಲಾಯಿತು. ಐದು ವರ್ಷಗಳಲ್ಲಿ ಸುಮಾರು 3 ಲಕ್ಷ ಮೊರಿಸ್ಕೊಗಳನ್ನು ಹಡಗು ಹತ್ತಿಸಿದರು. ವಲೆನ್ಸಿಯಾ ಪ್ರಾಂತದ ಮೂರನೆಯ ಒಂದು ಪಾಲು ಜನ ಇಲ್ಲವಾದರು. ಆ ರಾಜಾಜ್ಞೆಯಲ್ಲಿ ಒಂದು ಕಲಮು ಇತ್ತು: ನೂರು ಮನೆಗೆ ಆರರಂತೆ ಕೆಲವರು ಉಳಿಯಬಹುದು, ಸಕ್ಕರೆ ಗಾಣಗಳನ್ನೂ ಭತ್ತದ ಬೆಳೆಯನ್ನೂ ನೀರಿನ ಕಾಲುವೆಗಳನ್ನೂ ನೋಡಿಕೊಂಡು ಹೊಸಬರಿಗೆ ಕಲಿಸಲು. ಜನ ಬೇಡ, ಅವರ ಅಕ್ಕಿ ಬೇಕು. ಇದನ್ನು ಓದಿದ ಮೇಲೆ ಆ ಬಾಣಲೆಯ ಮುಂದೆ ನಿಂತದ್ದು ನೆನಪಾದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ಇದು ಕ್ರೈಸ್ತರ ಮೇಲಿನ ದೂರು ಎಂದು ಯಾರೂ ತಿಳಿಯಬಾರದು. 1560ರಲ್ಲಿ ಗೋವೆಯಲ್ಲೂ ಇನ್‌ಕ್ವಿಸಿಶನ್ ಬಂತು. ಅಲ್ಲಿ ಅದರ ಕಣ್ಣು ಬಿದ್ದದ್ದು ಹೆಚ್ಚಾಗಿ ಹೊಸದಾಗಿ ಕ್ರೈಸ್ತರಾದವರ ಮೇಲೆಯೇ. 1736ರ ಆಜ್ಞೆಯಲ್ಲಿ ಅವರು ಹಿಂದೂಗಳ ಕ್ರಮದಂತೆ ಉಪ್ಪಿಲ್ಲದೆ ಅನ್ನ ಬೇಯಿಸುವುದನ್ನೂ ನಿಷೇಧಿಸಿದ್ದರು. ಅನ್ನಕ್ಕೆ ಉಪ್ಪು ಹಾಕಿದ್ದಾರೋ ಇಲ್ಲವೋ ಎಂದು ನೋಡುವ ಸಾಮ್ರಾಜ್ಯ! ಆ ಕಾಲದ ಯುದ್ಧ, ಬರ, ವಿಚಾರಣೆಗಳ ಕಾಟ ತಾಳಲಾರದೆ ಗಡಿ ದಾಟಿ ಕೆನರಾ ಸೀಮೆಗೆ ಬಂದವರ ಮಕ್ಕಳು ಮೊಮ್ಮಕ್ಕಳು ಇಂದಿನ ನಮ್ಮ ಮಂಗಳೂರಿನ ಕೊಂಕಣಿ ಕ್ರೈಸ್ತರಲ್ಲಿ ಬಹುಮಂದಿ.

ಅಷ್ಟೆಲ್ಲ ಏಕೆ, 2022ರ ಯುಗಾದಿಯ ಹೊಸತೊಡಕಿನ ಹೊತ್ತಿಗೆ ನಮ್ಮ ರಾಜ್ಯದಲ್ಲೇ ಹಲಾಲ್ ಮಾಂಸ ಕೊಳ್ಳಬೇಡಿ ಎಂಬ ಕರೆ ಮೊಳಗಿತು. ಬಾಡಿಗೆ ಮನೆ ಹುಡುಕಿದ ಯಾವ ಮುಸ್ಲಿಮನೂ, ಯಾವ ದಲಿತನೂ ಮೊದಲು ಎದುರಿಸುವ ಪ್ರಶ್ನೆ ಅಡುಗೆಮನೆಯದ್ದೇ. ‘ನಾನ್‌ವೆಜ್ ಮಾಡ್ತೀರಾ?’ ಎಂದು ಕೇಳುವವರು ನಿಜವಾಗಿ ಕೇಳುತ್ತಿರುವುದು ಬೇರೆ ಏನನ್ನೋ. ಉತ್ತರ ಹೇಳುವವರಿಗೂ ಅದು ಗೊತ್ತು.

ಇಷ್ಟು ಹೇಳಿ ನಿಲ್ಲಿಸಿದ್ದರೆ ನಮಗೆ ಅನುಕೂಲವಾಗುತ್ತಿತ್ತು. ಅನ್ಯಾಯಕ್ಕೊಳಗಾದವರ ಸಾಲಿನಲ್ಲಿ ನಿಂತು ಬರೆಯುವುದು ಲೇಖಕನಿಗೆ ಹಿತ. ಆದರೆ ಚಾಕು ನಮ್ಮ ಕೈಯಲ್ಲಿದ್ದ ಒಂದು ದಿನವೂ ಇದೆ.

ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿ ಕನ್ನಡ ಹೈಸ್ಕೂಲಿಗೆ ಹೋದಾಗ ನಮಗೆ ಒತ್ತಕ್ಷರ ಸರಿಯಾಗಿ ಬರುತ್ತಿರಲಿಲ್ಲ. ಗಣಿತದ ಮೇಷ್ಟ್ರೊಬ್ಬರು ಸಂಜೆ ಕೂರಿಸಿಕೊಂಡು ಲೆಕ್ಕದ ಜೊತೆ ಕನ್ನಡವನ್ನೂ ತಿದ್ದಿದರು. ಒಂದು ಪೈಸೆ ಮುಟ್ಟಿದವರಲ್ಲ. ಶುದ್ಧ ಸಸ್ಯಾಹಾರಿ. ಎಸ್ಸೆಸ್ಸೆಲ್ಸಿಯ ವರ್ಷ ಈದುಲ್ ಫಿತ್ರ್‌ಗೆ ಅವರನ್ನು ಮನೆಗೆ ಕರೆದೆವು, ಬಂದರು. ತಾಯಿ ಶೀರ್ ಕುರ್ಮಾದ ಬಟ್ಟಲನ್ನು ಮುಂದಿಟ್ಟರು. ಹಾಲು, ಶಾವಿಗೆ, ಖರ್ಜೂರ. ಮೇಷ್ಟ್ರು ಬಟ್ಟಲನ್ನು ನೋಡಿ ತಗ್ಗಿದ ದನಿಯಲ್ಲಿ ಕೇಳಿದರು: ‘ಬೇರೆ ಪಾತ್ರೆಯಲ್ಲಿ ಮಾಡಿದ್ದೇನಪ್ಪ?’

ಹದಿನಾರರ ವಯಸ್ಸು, ಹೊಸ ಅಂಗಿ, ಮನೆ ತುಂಬ ನೆಂಟರು. ‘ಯಾಕೆ ಸಾರ್, ನಮ್ಮ ಮನೆ ಪಾತ್ರೆ ಮೈಲಿಗೆಯಾ?’ ಎಂದುಬಿಟ್ಟೆವು. ಕೋಣೆ ತಣ್ಣಗಾಯಿತು. ಮೇಷ್ಟ್ರು ಏನೂ ಹೇಳದೆ ಬಟ್ಟಲೆತ್ತಿ ಕೊನೆಯ ಗುಟುಕಿನವರೆಗೂ ಕುಡಿದರು. ಕೈಕುಲುಕಿ ಹೋದರು. ಮುಂದಿನ ಈದ್‌ಗೆ ಕರೆದಾಗ ಜ್ವರವೆಂದು ಹೇಳಿ ಕಳಿಸಿದರು. ಆ ನಂತರ ನಾವೂ ಕರೆಯಲಿಲ್ಲ.

ಎಷ್ಟೋ ವರ್ಷ ಈ ಪ್ರಸಂಗವನ್ನು ನಾವು ನಮ್ಮ ಗೆಲುವೆಂದೇ ಹೇಳಿಕೊಂಡು ತಿರುಗಿದ್ದೇವೆ. ಗೆಳೆಯರು ಭೇಷ್ ಎಂದದ್ದೂ ಇದೆ. ಅದಕ್ಕೆ ಆಧಾರವಿಲ್ಲದೆಯೂ ಇಲ್ಲ. ಪಾತ್ರೆಯ ಮಾತು ನಮ್ಮ ನಾಡಿನಲ್ಲಿ ಮುಗ್ಧ ಮಾತಲ್ಲ. ಬೇರೆ ಲೋಟ, ಬೇರೆ ತಟ್ಟೆ ಎಂಬುದರ ಹಿಂದೆ ಸಾವಿರಾರು ವರ್ಷಗಳ ಅವಮಾನವಿದೆ. ತಟ್ಟೆಯಲ್ಲಿ ಏನಿದೆ ಎಂಬ ಕಾರಣಕ್ಕೆ ಬೇಡ ಎನ್ನುವುದು ಒಂದು, ಬಡಿಸಿದ ಕೈ ಯಾರದ್ದು ಎಂಬ ಕಾರಣಕ್ಕೆ ಬೇಡ ಎನ್ನುವುದು ಇನ್ನೊಂದು. ಮೊದಲನೆಯದು ಆತ್ಮಸಾಕ್ಷಿಯ ವಿಷಯ, ಎರಡನೆಯದು ಮನುಷ್ಯನ ಮೇಲಿನ ಹೇಸಿಗೆ. ಈ ಹೇಸಿಗೆ ಮೇಲ್ಜಾತಿಯವರ ಸೊತ್ತು ಮಾತ್ರ ಎಂದು ಬೀಗುವುದೂ ಬೇಡ. ದಸ್ತರ್‌ಖ್ವಾನ್ ಮೇಲೆ ಎಲ್ಲರೂ ಒಂದೇ ಎನ್ನುವ ನಮ್ಮಲ್ಲಿ ಎಷ್ಟು ಮಂದಿ ಊರಿನ ಜಲಗಾರರ ಮನೆಯಲ್ಲಿ ಒಂದು ಲೋಟ ಚಹಾ ಕುಡಿದಿದ್ದೇವೆ?

ಕಾಗದದ ಮೇಲೆ ಈ ವ್ಯತ್ಯಾಸ ಸ್ಪಷ್ಟ. ಮನುಷ್ಯನ ಮುಖದ ಮೇಲೆ ಅದನ್ನು ಓದುವುದು ಹೇಗೆ? ಮೇಷ್ಟ್ರು ಕೇಳಿದ್ದು ಮಾಂಸ ಬೆಂದ ಪಾತ್ರೆಯ ಬಗ್ಗೆಯೋ, ಮುಸ್ಲಿಮರ ಪಾತ್ರೆಯ ಬಗ್ಗೆಯೋ? ವಲೆನ್ಸಿಯಾದಲ್ಲಿ ನಾವು ಹಿಂಜರಿದದ್ದು ಹಂದಿ ಕೊಯ್ದ ಚಾಕುವಿಗೋ, ಅದನ್ನು ಹಿಡಿದಿದ್ದ ಕೈಗೋ? ನಮ್ಮ ಮಟ್ಟಿಗೆ ಉತ್ತರ ನಮಗೆ ಗೊತ್ತು. ಮೇಷ್ಟ್ರ ಮಟ್ಟಿಗೆ ಅವರಿಗೇ ಗೊತ್ತು. ಹೊರಗೆ ನಿಂತವನಿಗೆ ಅದು ಕಾಣುವುದಿಲ್ಲ. ಕಾಣದಿದ್ದಾಗ ಏನು ಮಾಡಬೇಕು? ಇನ್‌ಕ್ವಿಸಿಶನ್ ಮಾಡಿದ್ದು ಒಂದೇ ಕೆಲಸ: ಬಾಯಿಗೆ ತುತ್ತಿಟ್ಟು ನುಂಗಿಸಿ ನೋಡುವುದು. ಹದಿನಾರು ವರ್ಷದ ನಾವೂ ಮಾಡಿದ್ದು ಅದನ್ನೇ. ನಮ್ಮ ಬಳಿ ಪೀಠವಿರಲಿಲ್ಲ, ಸೆರೆಮನೆ ಇರಲಿಲ್ಲ. ಬರೀ ನೆಂಟರ ಕಣ್ಣುಗಳಿದ್ದವು. ಒಬ್ಬ ಸಂಕೋಚದ ಮನುಷ್ಯನಿಗೆ ಅಷ್ಟು ಸಾಕು. ಅವರ ಮನಸ್ಸಿನಲ್ಲಿ ಮೈಲಿಗೆಯ ಭಾವನೆಯೇ ಇದ್ದಿದ್ದರೂ ಆ ಬಟ್ಟಲಿನಿಂದ ಅದು ಹೋಯಿತು ಎನ್ನಲು ಯಾವ ಆಧಾರವಿದೆ? ಉಂಡದ್ದು ಹೊಟ್ಟೆಗೆ ಹೋಗುತ್ತದೆ. ಬಲವಂತದ ತುತ್ತು ಇನ್ನೆಲ್ಲಿಗೋ ಹೋಗುತ್ತದೆ.

ಮತ್ತೆ ಅಡುಗೆಮನೆಗೆ ಬರೋಣ. ನಾಲ್ಕನೆಯ ಬೀನ್ಸ್‌ಗೆ ನಮ್ಮ ಮನೆಯವರು ಬಾಯಿಬಿಟ್ಟರು. ಹೆಂಗಸರಿಗೆ ಇಂಥ ಕಡೆ ಧೈರ್ಯ ಹೆಚ್ಚು, ಬಹುಶಃ ಅಡುಗೆಮನೆ ಯಾವ ದೇಶದ್ದಾದರೂ ಅವರಿಗೆ ಪರಸ್ಥಳವಲ್ಲ. ಹರಕು ಇಂಗ್ಲಿಷಿನಲ್ಲಿ, ‘ಆ ಚಾಕು ತೊಳೆದು ಕೊಡುತ್ತೀರಾ?’ ಎಂದರು. ಆ ಹೆಂಗಸು ಚಾಕುವನ್ನು ನೋಡಿದರು, ರೊಟ್ಟಿಯ ತಟ್ಟೆಯನ್ನು ನೋಡಿದರು, ‘ಅಯ್ಯೋ’ ಎಂಬರ್ಥದ ಏನೋ ಉದ್ಗಾರ ತೆಗೆದರು. ಹೆಚ್ಚಿದ್ದ ಬೀನ್ಸ್‌ಗಳನ್ನು ದೊಡ್ಡ ಬಾಣಲೆಗೆ ಸುರಿದು, ಬೇರೆ ಹಲಗೆ, ಬೇರೆ ಚಾಕು, ಹೊಸ ಬೀನ್ಸ್ ತಂದಿಟ್ಟರು. ಅರ್ಧ ನಿಮಿಷದ ಕೆಲಸ. ಆಮೇಲೆ ನಮ್ಮ ಕಡೆ ತಿರುಗಿ ಕೇಳಿದರು, ‘ಮೊದಲೇ ಏಕೆ ಹೇಳಲಿಲ್ಲ?’

ಅದರಲ್ಲಿ ಆಕ್ಷೇಪವಿರಲಿಲ್ಲ. ಸ್ವಲ್ಪ ನೋವಿತ್ತು. ನಾನು ಕೋಪಿಸಿಕೊಳ್ಳುತ್ತೇನೆಂದು ನೀವು ಅಂದುಕೊಂಡಿರಾ ಎಂಬಂಥ ನೋವು. ನಮ್ಮ ಮೌನವನ್ನು ನಾವು ಸೌಜನ್ಯವೆಂದುಕೊಂಡಿದ್ದೆವಲ್ಲ, ಅದರೊಳಗೆ ಅವರ ಬಗ್ಗೆ ಒಂದು ಅಪನಂಬಿಕೆಯೂ ಅಡಗಿತ್ತು. ಅವರನ್ನು ನಾವು ಕೇಳದೆಯೇ ವಿಚಾರಣೆಯ ಪೀಠದಲ್ಲಿ ಕೂರಿಸಿಬಿಟ್ಟಿದ್ದೆವು. ಇದು ನಮಗೆ ಹೊಳೆದದ್ದು ಊಟ ಮುಗಿದು ಬೀದಿಗೆ ಬಂದ ಮೇಲೆ. ಪಾಯೆಯಾ ಚೆನ್ನಾಗಿತ್ತು, ತಳ ಹಿಡಿದದ್ದನ್ನು ಕೆರೆಯಲು ನಮಗೇ ಮೊದಲು ಚಮಚ ಕೊಟ್ಟಿದ್ದರು.

ಮರುದಿನ ಗುರುವಾರ. ಮಧ್ಯಾಹ್ನ ಹನ್ನೆರಡಕ್ಕೆ ಅಲ್ಲಿನ ಮಹಾ ಇಗರ್ಜಿಯ ಅಪೋಸ್ತಲರ ಬಾಗಿಲ ಮುಂದೆ ನೀರಿನ ನ್ಯಾಯಾಲಯ ಸೇರುತ್ತದೆ. ಎಂಟು ಕಾಲುವೆಗಳ ರೈತ ಪ್ರತಿನಿಧಿಗಳು ಕಪ್ಪು ಅಂಗಿ ತೊಟ್ಟು ವೃತ್ತಾಕಾರವಾಗಿ ಕೂರುತ್ತಾರೆ. ವಿಚಾರಣೆಯೆಲ್ಲ ಬಾಯಿಮಾತಿನಲ್ಲೇ. ಮುಸ್ಲಿಮರ ಕಾಲದಿಂದ ಬಂದದ್ದೆಂದು ನಂಬಿಕೆ. ಯುನೆಸ್ಕೋ 2009ರಲ್ಲಿ ಅದನ್ನು ಪಾರಂಪರಿಕ ಪಟ್ಟಿಗೆ ಸೇರಿಸಿದೆ. ಅಲ್ಲಿ ಮಸೀದಿಯಿದ್ದ ಜಾಗದಲ್ಲಿ ಇಗರ್ಜಿ ಎದ್ದ ಮೇಲೆ ಮುಸ್ಲಿಮ್ ರೈತರು ಒಳಗೆ ಬರಲು ಹಿಂಜರಿದರೆಂದು ಹೊರಬಾಗಿಲಲ್ಲೇ ಕೂರುವ ಪದ್ಧತಿ ಬಂತೆಂದು ಊರವರು ಹೇಳುತ್ತಾರೆ. ಎಷ್ಟು ನಿಜವೋ, ಆದರೆ ಹಾಗೆ ಹೇಳಿಕೊಳ್ಳಲು ಆ ಊರಿಗೆ ಇಷ್ಟವಿದೆ ಎಂಬುದೇ ನಮಗೆ ಹಿಡಿಸಿತು. ಅಲ್ಗುವಸೀಲ್, ಎಂದರೆ ಅರಬ್ಬಿಯ ಅಲ್-ವಝೀರ್ ಎಂಬ ಪದದಿಂದ ಬಂದ ಹೆಸರಿನ ಜವಾನ, ಒಂದೊಂದು ಕಾಲುವೆಯ ಹೆಸರು ಕೂಗಿ ದೂರಿದೆಯೇ ಎಂದು ಕೇಳಿದ. ಯಾರೂ ಮುಂದೆ ಬರಲಿಲ್ಲ. ಕೆಲವೇ ನಿಮಿಷದಲ್ಲಿ ಎದ್ದು ಹೋದರು.

ಮಾರುಕಟ್ಟೆಯಿಂದ ಎರಡು ಡಬ್ಬಿ ಕೇಸರಿ ತಂದಿದ್ದೆವು. ಒಂದು ಮನೆಗೆ, ಇನ್ನೊಂದು ಮೇಷ್ಟ್ರಿಗೆ ಎಂದುಕೊಂಡು. ಮೇಷ್ಟ್ರಿಗೆ ಈಗ ಎಂಬತ್ತು ದಾಟಿದೆ, ನಮ್ಮಿಂದ ನಾಲ್ಕು ಬೀದಿ ಆಚೆ ಮಗನ ಮನೆಯಲ್ಲಿದ್ದಾರೆ. ಕೇಸರಿ ಕೊಟ್ಟು ಬಂದೆವು. ಕಾಫಿ ಕೊಟ್ಟರು, ಈಗೇನು ಬರೆಯುತ್ತಿದ್ದೀಯ ಎಂದು ಕೇಳಿದರು. ಹಳೆಯ ಮಾತನ್ನು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಈ ಸಲ ಈದ್‌ಗೆ ಅವರನ್ನು ಕರೆಯಬೇಕೆಂದು ಮನೆಯಲ್ಲಿ ತೀರ್ಮಾನವಾಗಿದೆ. ಶೀರ್ ಕುರ್ಮಾಕ್ಕೆ ಹೊಸ ಪಾತ್ರೆ ತರುವುದೆಂದೂ ಆಗಿದೆ. ಅದು ಹೊಸ ಪಾತ್ರೆ ಎಂದು ಅವರಿಗೆ ನಾವಾಗಿಯೇ ಹೇಳಬೇಕೋ, ಅವರು ಕೇಳುವತನಕ ಕಾಯಬೇಕೋ ಎಂಬ ಬಗ್ಗೆ ನಮ್ಮಿಬ್ಬರಲ್ಲಿ ಇನ್ನೂ ಒಮ್ಮತವಿಲ್ಲ.